ಎಷ್ಟರಲ್ಲಿ ಎಷ್ಟು?

(ಹಾಸನದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಚನ್ನರಾಯಪಟ್ಟಣದ ಬಸ್ಸಿಗೆ ಕಾಯ್ತಾ ಟೀ ಅಂಗಡೀಲಿ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪೇಪರು ಮಡಚಿ ನನ್ನ ಕಡೆ ತಿರುಗಿದರು. "ನೋಡಿದೇನಪ್ಪಾ, ಕಾಲೇಜಲ್ಲಿ ನಿಮ್ಮೋರು ನೂರಕ್ಕೆ ನಲವತ್ನಾಲ್ಕಂತೆ. ಇನ್ನೂ ಏನು ಬೇಕು ನಿಮಗೆ?"

ಪೇಪರಿನ ಅಂಕಿ ಸುಳ್ಳಲ್ಲ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿ 2024ರ ಜನವರಿಯಲ್ಲಿ ಹೊರಬಂತು. ಇಡೀ ದೇಶದಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು 2014-15ರಲ್ಲಿ 46.07 ಲಕ್ಷ, 2021-22ರಲ್ಲಿ 66.23 ಲಕ್ಷ. ಏರಿಕೆ ನೂರಕ್ಕೆ 44. ಅದು ಏರಿದ್ದರ ಲೆಕ್ಕ, ಕ್ಲಾಸಿನಲ್ಲಿ ಕೂತವರ ಲೆಕ್ಕ ಅಲ್ಲ. ಒಟ್ಟು ವಿದ್ಯಾರ್ಥಿಗಳು 4.33 ಕೋಟಿ. ಭಾಗಿಸಿ ನೋಡಿ, ನಾವು ನೂರಕ್ಕೆ 15.3. ಜನಸಂಖ್ಯೆಯಲ್ಲೋ, 2011ರ ಜನಗಣತಿ ಪ್ರಕಾರ 16.6. ನಮ್ಮ ಪಾಲೇ ಇನ್ನೂ ತುಂಬಿಲ್ಲ!

ಲೆಕ್ಕಕ್ಕೆ ಹೊಳೆನರಸೀಪುರದ ಕಡೆಯ ಒಂದು ಹಳ್ಳಿ ಇಟ್ಕೊಳ್ಳಿ. ಕೇರಿಯಿಂದ ಹೋದ ವರ್ಷ ಡಿಗ್ರಿಗೆ ಒಬ್ಬ ಹೋದ, ಈ ವರ್ಷ ಇಬ್ಬರು. ಊರಿನಿಂದ ನಲವತ್ತು ಇದ್ದದ್ದು ಐವತ್ತಾಯ್ತು. ಊರಿನ ಏರಿಕೆ ನೂರಕ್ಕೆ ಇಪ್ಪತ್ತೈದು, ಕೇರಿಯದು ನೂರಕ್ಕೆ ನೂರು! 'ಕೇರಿ ಮುಂದೆ, ಊರು ಹಿಂದೆ' ಅಂತ ಹೆಡ್ಡಿಂಗ್ ಹಾಕಬಹುದು. ಕಾಲೇಜಿನ ಬಾಗಿಲಲ್ಲಿ ನಿಂತು ಎಣಿಸಿದರೆ ಐವತ್ತಕ್ಕೆ ಎರಡು.

ಏರಿಕೆಯೇ ಸುಳ್ಳು ಅಂತ ನಾನು ಹೇಳ್ತಿಲ್ಲ. ನಮ್ಮ ಅವ್ವಂದಿರು ಕೂಲಿ ಮಾಡಿ ಏರಿಸಿದ ಏರಿಕೆ ಅದು. ಅದನ್ನೇ ತಂದು ನಮ್ಮ ಎದೆಗೆ ಚುಚ್ಚಬೇಡಿ ಅಂತೀನಿ ಅಷ್ಟೆ.

ಇನ್ನೊಂದು, ಕರ್ನಾಟಕದ ಹೆಮ್ಮೆಯ 36.2. ದೇಶದ್ದು 28.4. ಇದನ್ನ ಹೇಗೆ ತೆಗೀತಾರೆ? ಕಾಲೇಜಿಗೆ ದಾಖಲಾದ ಎಲ್ಲ ವಯಸ್ಸಿನವರನ್ನೂ ಮೇಲಿಟ್ಟು, ರಾಜ್ಯದ 18ರಿಂದ 23ರ ವಯಸ್ಸಿನವರನ್ನ ಕೆಳಗಿಟ್ಟು ಭಾಗಿಸ್ತಾರೆ. ಕೇರಳದಿಂದ ಬೆಂಗಳೂರಿಗೆ ನರ್ಸಿಂಗ್ ಓದಕ್ಕೆ ಬಂದ ಹುಡುಗಿಯೂ ಕರ್ನಾಟಕದ ಮೇಲಿನ ಸಾಲಿಗೆ ಸೇರ್ತಾಳೆ. ಬರಲಿ, ಓದಲಿ, ಅವಳೇನೂ ನಮ್ಮ ಶತ್ರು ಅಲ್ಲ. ಆದರೆ ಆ 36ರಲ್ಲಿ ಅರಕಲಗೂಡಿನ ಕೇರಿಯನ್ನ ಹುಡುಕಬೇಡಿ, ಸಿಗಲ್ಲ. ಹೆಸರು ಬರೆಸಿ ಆರು ತಿಂಗಳಿಗೆ ಬಿಟ್ಟುಹೋದೋನು ಎಲ್ಲಿ ಅಂತಲೂ ಅದು ಹೇಳಲ್ಲ.

ಬಾಬಾಸಾಹೇಬರು 1927ರ ಮಾರ್ಚ್‌ನಲ್ಲಿ ಬೊಂಬಾಯಿ ವಿಧಾನ ಪರಿಷತ್ತಿನಲ್ಲಿ ಶಿಕ್ಷಣದ ಖರ್ಚಿನ ಬಗ್ಗೆ ಮಾತಾಡಿದಾಗ ಹಿಡಿದದ್ದು ಇದನ್ನೇ. ಪ್ರಾಥಮಿಕ ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೇ ತರಗತಿ ಮುಟ್ಟೋರು ಹದಿನೆಂಟೇ ಅಂದರು. ಕಾಲೇಜಿನ ಲೆಕ್ಕವನ್ನ ಒಂದೊಂದು ವರ್ಗದ ಎರಡು ಲಕ್ಷ ಜನಕ್ಕೆ ಎಷ್ಟು ಅಂತ ಸಮನಾಗಿ ಹಾಕಿದರು. ಮುಂದುವರಿದ ಹಿಂದೂಗಳಲ್ಲಿ ಸಾವಿರ. ನಮ್ಮೋರು ಸೇರಿದ್ದ ಹಿಂದುಳಿದ ವರ್ಗದಲ್ಲಿ ಹೆಚ್ಚೂಕಡಿಮೆ ಸೊನ್ನೆ. ಎಷ್ಟರಲ್ಲಿ ಎಷ್ಟು, ಸೇರಿದ್ದೆಷ್ಟು, ಉಳಿದದ್ದೆಷ್ಟು: ಇದನ್ನ ಕೇಳಿದ್ದಕ್ಕೇ ಸರ್ಕಾರದ ಅಂಕಿ ಬಾಯಿಬಿಟ್ಟಿತು.

ನಾನು ಗಣಿತದ ಮೇಷ್ಟ್ರಲ್ಲ, ನೀವೂ ಆಗಬೇಕಿಲ್ಲ. ಒಂದೊಂದು ಹಾಸ್ಟೆಲಿಗೆ ಒಂದು ನೋಟ್‌ಬುಕ್ ಇಡಿ. ಮೊದಲ ವರ್ಷಕ್ಕೆ ಎಷ್ಟು ಜನ ಬಂದರು, ಕೊನೇ ವರ್ಷದ ಪರೀಕ್ಷೆಗೆ ಎಷ್ಟು ಜನ ಕೂತರು, ಬಿಟ್ಟೋರು ಯಾಕೆ ಬಿಟ್ಟರು—ಸ್ಕಾಲರ್‌ಶಿಪ್ ತಡ ಆಯ್ತೋ, ಮನೇಲಿ ಸಾಲವೋ, ಮದುವೆಯೋ—ಬರೀರಿ. ಇಲಾಖೆಯ ಲೆಕ್ಕ ಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಅರ್ಜಿ ಹಾಕಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಅರಕಲಗೂಡಿನ ಹುಡುಗರು ಆಗಲೇ ಒಂದು ಬರೆದು ತಂದಿದ್ದಾರೆ. ಹಿಂದಿನ ಸಾಲಿನವರೆಗೂ ಕೈಯಿಂದ ಕೈಗೆ ದಾಟಿಸಿ.