ತಂಙಳ್ ಇಲ್ಲದ ವರ್ಷಗಳಲ್ಲಿ ನಾವು ಕಳೆದುಕೊಂಡದ್ದೇನು?

(ಕೆರೆಕಟ್ಟೆಯ ಅನುಸ್ಮರಣಾ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಉಳ್ಳಾಲ ತಂಙಳ್ ಎಂದೇ ಜನರ ಬಾಯಲ್ಲಿ ನೆಲೆಗೊಂಡ ತಾಜುಲ್ ಉಲಮಾ ಸಯ್ಯಿದ್ ಅಬ್ದುರ್ರಹ್ಮಾನ್ ಅಲ್ ಬುಖಾರಿಯವರು 2014ರ ಫೆಬ್ರವರಿ 1ರಂದು ಪಯ್ಯನ್ನೂರು ಸಮೀಪದ ಎಟ್ಟಿಕ್ಕುಳದಲ್ಲಿ ಇಹಲೋಕವನ್ನು ತ್ಯಜಿಸಿದರು. ಆಗ ಅವರಿಗೆ ತೊಂಬತ್ತು ದಾಟಿತ್ತು. ಅಷ್ಟು ವಯಸ್ಸಾದವರ ಮರಣ ಯಾರಿಗೂ ಅನಿರೀಕ್ಷಿತವಲ್ಲ. ಆದರೂ ಘಟ್ಟದ ಕೆಳಗೂ ಮೇಲೂ ಜನ ಅನಾಥರಾದಂತೆ ಅತ್ತರು. ಇಷ್ಟು ವರ್ಷಗಳು ಕಳೆದ ಮೇಲೆಯೂ ಯಾವುದಾದರೊಂದು ಜಮಾಅತ್‌ನಲ್ಲಿ ಜಗಳ ಎದ್ದರೆ, ಒಂದು ವಿವಾಹ ಸಂಬಂಧ ಮುರಿಯುವ ಹಂತಕ್ಕೆ ಬಂದರೆ, ಹಿರಿಯರೊಬ್ಬರು ನಿಟ್ಟುಸಿರು ಬಿಡುತ್ತಾರೆ: ‘ತಂಙಳ್ ಇರುತ್ತಿದ್ದರೆ!’ ಈ ನಿಟ್ಟುಸಿರಿನ ಬಗ್ಗೆಯೇ ನಾನು ಇಂದು ಮಾತನಾಡಬೇಕೆಂದಿದ್ದೇನೆ. ಅವರ ಗುಣಗಾನಕ್ಕೆ ನನಗಿಂತ ಅರ್ಹರು ಈ ವೇದಿಕೆಯಲ್ಲಿದ್ದಾರೆ.

ಮೊದಲು ಅವರು ಏನಾಗಿದ್ದರು ಎಂಬುದನ್ನು ಕಿರಿಯರಿಗಾಗಿ ಹೇಳಬೇಕು. ಕೋಝಿಕ್ಕೋಡ್ ಸಮೀಪದ ಕರುವನ್‌ತಿರುತ್ತಿಯಲ್ಲಿ ಹುಟ್ಟಿದ ಅವರು ಪಳ್ಳಿ ದರ್ಸ್‌ಗಳಲ್ಲಿ ಓದಿ, ವೆಲ್ಲೂರಿನ ಬಾಖಿಯಾತು ಸ್ಸಾಲಿಹಾತ್‌ನಲ್ಲಿ ಉನ್ನತ ವ್ಯಾಸಂಗ ಮುಗಿಸಿದವರು. 1950ರ ದಶಕದ ಆರಂಭದಲ್ಲಿ ಉಳ್ಳಾಲಕ್ಕೆ ಬಂದರು. ಸಯ್ಯಿದ್ ಮದನಿ ಅರಬಿಕ್ ಕಾಲೇಜಿನ ಪ್ರಾಂಶುಪಾಲರಾಗಿ, ಖಾಝಿಯಾಗಿ ಸುಮಾರು ಆರು ದಶಕಗಳ ಕಾಲ ಅದೇ ಊರಿನಲ್ಲಿ ನೆಲೆನಿಂತರು. ಒಬ್ಬ ವಿದ್ವಾಂಸ ಒಂದೇ ಸ್ಥಳದಲ್ಲಿ ಇಷ್ಟು ದೀರ್ಘ ಕಾಲ ಕುಳಿತು ಪಾಠ ಹೇಳುವುದು ಇಂದಿನ ದಿನಗಳಲ್ಲಿ ಊಹಿಸಲೂ ಕಷ್ಟ. ಇಂದು ಮಸೀದಿಯ ಉಸ್ತಾದರು ಎರಡು ರಮಝಾನ್ ಕಂಡರೆ ಅದೇ ದೊಡ್ಡದು; ಮೂರನೆಯದು ಬರುವಷ್ಟರಲ್ಲಿ ಅವರಿಗೂ ಕಮಿಟಿಗೂ ಆಗಿಬರುವುದಿಲ್ಲ.

ಉಳ್ಳಾಲದಲ್ಲಿ ಓದಿ ಹೊರಬಂದವರು ತಮ್ಮ ಹೆಸರಿನ ಕೊನೆಗೆ ‘ಮದನಿ’ ಎಂದು ಸೇರಿಸಿಕೊಂಡರು. ಕರಾವಳಿ, ಕೊಡಗು, ಮಲೆನಾಡುಗಳ ಎಷ್ಟೋ ಮಸೀದಿಗಳ ಮಿಂಬರ್‌ಗಳಲ್ಲಿ ಶುಕ್ರವಾರ ನಿಲ್ಲುವವರು ಈ ಮದನಿಗಳು. ಆದ್ದರಿಂದ ಘಟ್ಟ ಇಳಿದು ಉಳ್ಳಾಲವನ್ನು ಕಾಣದವರಿಗೂ ತಂಙಳ್ ಪರಿಚಿತರೇ ಆಗಿದ್ದರು. ಅವರ ಶಿಷ್ಯರ ಬಾಯಿಂದ ಅವರ ಮಾತು ಇಲ್ಲಿಗೆ ತಲುಪುತ್ತಿತ್ತು. ಘಟ್ಟದ ರಸ್ತೆಯಲ್ಲಿ ಹಿಂದೆ ಉಪ್ಪು, ಒಣಮೀನು ಮೇಲೆ ಬಂದವು. ಅಡಿಕೆ, ಕಾಫಿ ಕೆಳಗೆ ಹೋದವು. ಅದೇ ರಸ್ತೆಯಲ್ಲಿ ಕಿತಾಬುಗಳೂ ಬಂದವು ಎಂಬುದನ್ನು ನಾವು ಮರೆಯುತ್ತೇವೆ.

ಅವರೂ ಮನುಷ್ಯರೇ. 1989ರಲ್ಲಿ ಸಮಸ್ತ ಕೇರಳ ಜಮ್‌ಇಯ್ಯತುಲ್ ಉಲಮಾ ಇಬ್ಭಾಗವಾದಾಗ ಅವರು ಒಂದು ಬಣದ ಅಧ್ಯಕ್ಷರಾದರು. ಆ ಬಿರುಕು ನಮ್ಮ ಹಳ್ಳಿ ಹಳ್ಳಿಗಳ ಮದ್ರಸಗಳವರೆಗೂ ಬಂತು. ಒಂದೇ ಬಟ್ಟಲಲ್ಲಿ ಉಂಡವರು ಸಲಾಮ್ ಹೇಳಲು ಹಿಂಜರಿಯುವ ಕಾಲವನ್ನೂ ಕಂಡೆವು. ಅನುಸ್ಮರಣಾ ಸಭೆಗಳಲ್ಲಿ ಇದನ್ನು ಎತ್ತಬಾರದೆಂಬ ಅಲಿಖಿತ ಕಟ್ಟಳೆಯೊಂದಿದೆ. ನನಗೆ ಹಾಗನಿಸುವುದಿಲ್ಲ. ನಾನೂ ದರ್ಸ್‌ನಲ್ಲಿ ಕುಳಿತು ‘ಫತ್‌ಹುಲ್ ಮುಈನ್’ ಓದಿದವನು. ಆ ಬಳಿಕ ಕಾಲೇಜಿನಲ್ಲಿ ಇತಿಹಾಸವನ್ನೂ ಓದಿದೆ. ಎರಡೂ ಕಡೆ ಕಲಿತದ್ದು ಒಂದೇ: ಪ್ರೀತಿಸುವವರ ಕುರಿತು ಪೂರ್ತಿ ಸತ್ಯವನ್ನು ಹೇಳುವುದು ಅವರಿಗೆ ಮಾಡುವ ಅವಮಾನವಲ್ಲ. ಹದೀಸ್ ವಿದ್ವಾಂಸರು ತಮ್ಮ ಗುರುಗಳ ಜ್ಞಾಪಕ ಶಕ್ತಿಯನ್ನೂ ಒರೆಗೆ ಹಚ್ಚಿದವರು. ಸಂಘಟನಾತ್ಮಕವಾಗಿ ತಂಙಳರಿಂದ ದೂರ ನಿಂತವರೂ ಅವರ ಪಾಂಡಿತ್ಯದ ಮುಂದೆ ತಲೆಬಾಗಿದ್ದರೆಂಬುದು ಆ ಬಿರುಕಿಗಿಂತಲೂ ಹೆಚ್ಚು ಬಾಳುವ ಸಂಗತಿ.

ಅವರ ನಂತರ ಸಂಘಟನೆಯ ಅಧ್ಯಕ್ಷತೆ ವಹಿಸಿದ ಎಂ.ಎ. ಅಬ್ದುಲ್ ಖಾದಿರ್ ಮುಸ್ಲಿಯಾರ್ 2015ರ ಫೆಬ್ರವರಿಯಲ್ಲಿ ನಿಧನರಾದರು. 2020ರ ಸೆಪ್ಟೆಂಬರ್‌ನಲ್ಲಿ ಬೇಕಲ ಇಬ್ರಾಹೀಂ ಮುಸ್ಲಿಯಾರ್ ಹೋದರು. ಉಳ್ಳಾಲದ ಖಾಝಿ ಸ್ಥಾನಕ್ಕೆ ಬಂದ ತಂಙಳರ ಪುತ್ರ ಸಯ್ಯಿದ್ ಫಝಲ್ ಕೋಯಮ್ಮ ತಂಙಳರೂ 2024ರ ಜುಲೈಯಲ್ಲಿ ನಮ್ಮನ್ನು ಅಗಲಿದರು. ಅಲ್ಲಾಹನು ಜ್ಞಾನವನ್ನು ಜನರ ಎದೆಯಿಂದ ಕಿತ್ತುಕೊಳ್ಳುವುದಿಲ್ಲ, ವಿದ್ವಾಂಸರನ್ನು ಒಬ್ಬೊಬ್ಬರಾಗಿ ಕರೆಸಿಕೊಳ್ಳುವ ಮೂಲಕ ಅದನ್ನು ಎತ್ತಿಕೊಳ್ಳುತ್ತಾನೆ ಎಂಬ ಅರ್ಥದ ಪ್ರವಾದಿ(ಸ)ರ ಎಚ್ಚರಿಕೆಯನ್ನು ನಾವು ಜುಮಾ ಪ್ರವಚನಗಳಲ್ಲಿ ಕೇಳಿದ್ದೇವೆ. ಈ ಹತ್ತು ಹನ್ನೆರಡು ವರ್ಷಗಳಲ್ಲಿ ಅದನ್ನು ಕಣ್ಣಾರೆ ಕಂಡೆವು.

ಇರಲಿ, ‘ತಂಙಳ್ ಇರುತ್ತಿದ್ದರೆ’ ಎಂದು ಹೇಳುವಾಗ ನಮಗೆ ಬೇಕಾಗಿರುವುದು ನಿಖರವಾಗಿ ಏನು? ಸಂಘಟಕರನ್ನು ಕೇಳಿದರೆ ಅವರಂಥ ಇನ್ನೊಬ್ಬ ನಾಯಕ ಬೇಕು ಎನ್ನುತ್ತಾರೆ. ಆದರೆ ಮನೆಯೊಳಗಿನ ಹೆಂಗಸರನ್ನು ಕೇಳಿ. ಗಂಡ ತಲಾಖ್ ಹೇಳಿ ಮಹರ್ ಕೊಡದೆ ಹೋದಾಗ, ಮಕ್ಕಳ ಖರ್ಚಿಗೆ ಬಿಡಿಕಾಸೂ ಕಳಿಸದಿದ್ದಾಗ, ತಮ್ಮ ಮಾತನ್ನು ಪೂರ್ತಿ ಕೇಳುವ ಒಬ್ಬರು ಬೇಕು ಎನ್ನುತ್ತಾರೆ. ಜಮಾಅತ್ ಕಮಿಟಿಯಲ್ಲಿ ಅವಳ ದೂರನ್ನು ಅವಳ ಅಣ್ಣ ಹೇಳಬೇಕು. ಅಣ್ಣನಿಲ್ಲದಿದ್ದರೆ ಮಾವ ಹೇಳಬೇಕು. ಕಮಿಟಿಯಲ್ಲಿ ಗಂಡನ ಕಡೆಯವರೇ ನಾಲ್ವರು ಇದ್ದರೆ ಆ ದೂರು ಚಹಾದೊಂದಿಗೆ ಮುಗಿಯುತ್ತದೆ. ಊರಿನ ಪ್ರಭಾವಿಗಳಿಗೆ ಹೆದರಬೇಕಾಗಿಲ್ಲದ ಖಾಝಿಯೊಬ್ಬರು ದೂರದಲ್ಲಿದ್ದಾರೆ ಎಂಬ ತಿಳಿವಳಿಕೆಯೇ ಅಂಥ ಕಮಿಟಿಗಳನ್ನು ಸ್ವಲ್ಪ ಹದ್ದುಬಸ್ತಿನಲ್ಲಿಡುತ್ತಿತ್ತು. ನಾವು ಕಳೆದುಕೊಂಡದ್ದರಲ್ಲಿ ಇದೂ ಒಂದು. ಇದಕ್ಕೆ ಪರಿಹಾರವಾಗಿ ಇನ್ನೊಬ್ಬ ತಂಙಳರು ಹುಟ್ಟಿಬರುವವರೆಗೆ ಕಾಯಬೇಕೇ? ಹೆಣ್ಣುಮಗಳು ತಾನೇ ಬಂದು ಕುಳಿತು ಮಾತನಾಡುವ ಏರ್ಪಾಡನ್ನು ಮಾಡುವುದಕ್ಕೆ ಷರೀಅತ್‌ನ ಯಾವ ತಡೆ ಇದೆ? ಪ್ರವಾದಿ(ಸ)ರ ಬಳಿ ಬಂದು ಗಂಡನ ಬಗ್ಗೆ ವಾದಿಸಿದ ಖೌಲಾ(ರ) ಎಂಬ ಮಹಿಳೆಯ ದೂರಿಗೆ ಉತ್ತರವಾಗಿ ಕುರ್‌ಆನಿನ ಸೂಕ್ತಗಳೇ ಅವತೀರ್ಣಗೊಂಡವು. ಆ ಅಧ್ಯಾಯದ ಹೆಸರೇ ಅಲ್ ಮುಜಾದಲ.

ಇನ್ನೊಂದು ವಿಷಯವೆಂದರೆ ನೆನಪು. ಹಿರಿಯ ವಿದ್ವಾಂಸನೊಬ್ಬ ತೀರಿಕೊಂಡಾಗ ಅವನೊಂದಿಗೆ ಒಂದು ದಫ್ತರವೂ ಮಣ್ಣಾಗುತ್ತದೆ. ಯಾವ ಮಸೀದಿಯ ಜಾಗವನ್ನು ಯಾರ ಅಜ್ಜ ಬಾಯಿಮಾತಿನಲ್ಲಿ ವಕ್ಫ್ ಮಾಡಿದರು, ಯಾವ ಎರಡು ಕುಟುಂಬಗಳ ಗಡಿ ತಕರಾರು ಎಲ್ಲಿ ಹೇಗೆ ಬಗೆಹರಿಯಿತು, ಯಾವ ಷರತ್ತಿನ ಮೇಲೆ ದಫನ ಭೂಮಿ ಸಿಕ್ಕಿತು ಎಂಬುದೆಲ್ಲ ಅವರ ತಲೆಯಲ್ಲಿರುತ್ತದೆ. ಕೇಳಿದರೆ ಹೇಳುತ್ತಿದ್ದರು, ಹೇಳಿದ್ದನ್ನು ಎಲ್ಲರೂ ಒಪ್ಪುತ್ತಿದ್ದರು. ಬರೆದಿಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಇಂದು ನಮ್ಮ ಎಷ್ಟೋ ಜಮಾಅತ್‌ಗಳ ಕಪಾಟು ತೆರೆದರೆ ನಿಕಾಹ್ ಪುಸ್ತಕ ಮತ್ತು ವಂತಿಗೆಯ ಲೆಕ್ಕ ಬಿಟ್ಟು ಬೇರೇನೂ ಸಿಗುವುದಿಲ್ಲ. ಕೆಲವು ಕಡೆ ವಂತಿಗೆಯ ಲೆಕ್ಕವೂ ಸಿಗುವುದಿಲ್ಲ. ಆ ಮಾತು ಬೇರೆ.

ಕಾಗದದ ಬೆಲೆ ಏನೆಂದು ಕೆರೆಕಟ್ಟೆಯವರಿಗೆ ನಾನು ಹೇಳಬೇಕಾಗಿಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದ ಮೇಲೆ ತಲೆಮಾರುಗಳಿಂದ ಉತ್ತ ಗದ್ದೆಗೆ ದಾಖಲೆ ಎಲ್ಲಿ ಎಂಬ ಪ್ರಶ್ನೆಯನ್ನು ಈ ಸೀಮೆಯ ಜನ, ಜಾತಿ ಮತ ಭೇದವಿಲ್ಲದೆ, ಎದುರಿಸಿದ್ದಾರೆ. ಅಜ್ಜ ನೆಟ್ಟ ಹಲಸಿನ ಮರ ಸಾಕ್ಷಿ ಎಂದರೆ ಯಾವ ಕಚೇರಿಯೂ ಒಪ್ಪಲಿಲ್ಲ. ಈಗ ಅದೇ ಪ್ರಶ್ನೆ ಮಸೀದಿಯ ಬಾಗಿಲಿಗೂ ಬಂದಿದೆ. 2025ರ ವಕ್ಫ್ ತಿದ್ದುಪಡಿ ಕಾಯ್ದೆಯು ‘ಬಳಕೆಯಿಂದ ವಕ್ಫ್’ ಎಂಬ ಹಳೆಯ ಕಲ್ಪನೆಯನ್ನು ವ್ಯಾಖ್ಯೆಯಿಂದ ತೆಗೆದುಹಾಕಿತು. ಮೊದಲೇ ನೋಂದಣಿಯಾಗಿದ್ದು, ವಿವಾದದಲ್ಲಿಲ್ಲದ, ಸರಕಾರಿ ಜಮೀನಲ್ಲದ ಆಸ್ತಿಗಳಿಗೆ ಮಾತ್ರ ವಿನಾಯಿತಿ. 2025ರ ಜೂನ್ 6ರಂದು ಆರಂಭವಾದ ‘ಉಮೀದ್’ ಪೋರ್ಟಲ್‌ನಲ್ಲಿ ಆರು ತಿಂಗಳೊಳಗೆ ವಿವರ ತುಂಬಬೇಕೆಂದು ಗಡುವು ವಿಧಿಸಲಾಯಿತು. ಈ ಕಾಯ್ದೆಯ ಹಿಂದಿನ ರಾಜಕೀಯ ಉದ್ದೇಶವನ್ನು ನಾವು ವಿರೋಧಿಸಿದ್ದೇವೆ, ವಿರೋಧಿಸುತ್ತೇವೆ. ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 15ರ ಮಧ್ಯಂತರ ಆದೇಶದಲ್ಲಿ ಕೆಲವು ಅಂಶಗಳನ್ನು ತಡೆಹಿಡಿಯಿತಾದರೂ ನೋಂದಣಿಯ ಕಡ್ಡಾಯವನ್ನು ಹಾಗೆಯೇ ಉಳಿಸಿತು. ಆದರೆ ಪ್ರತಿಭಟನಾ ಸಭೆಯಿಂದ ಹಿಂದಿರುಗಿ ಕಪಾಟು ತೆರೆದಾಗ ಅದರೊಳಗೆ ಏನೂ ಇಲ್ಲವೆಂದಾದರೆ ಯಾವ ಸರಕಾರವನ್ನು ದೂರಬೇಕು? ತಂಙಳ್ ಇರುತ್ತಿದ್ದರೆ ಹೇಳುತ್ತಿದ್ದರು ಎಂಬುದು ನ್ಯಾಯಮಂಡಳಿಯಲ್ಲಿ ಸಾಕ್ಷ್ಯವಾಗುವುದಿಲ್ಲ.

ಇಲ್ಲಿ ನಮ್ಮ ನೆರೆಮನೆಯಿಂದ ಕಲಿಯಬೇಕಾದದ್ದಿದೆ. ಶೃಂಗೇರಿ ಇಲ್ಲಿಗೆ ಹತ್ತಿರ. 1989ರ ಸೆಪ್ಟೆಂಬರ್ 21ರಂದು ಅಲ್ಲಿನ ಜಗದ್ಗುರು ಅಭಿನವ ವಿದ್ಯಾತೀರ್ಥರು ಅಗಲಿದಾಗ ಈ ಮಲೆನಾಡು ಶೋಕದಲ್ಲಿ ಮುಳುಗಿದ್ದನ್ನು ಇಲ್ಲಿನ ಹಿರಿಯರು ಬಲ್ಲರು. ಆದರೆ ಮುಂದೆ ಯಾರು ಎಂಬ ಗೊಂದಲ ಅಲ್ಲಿ ಹುಟ್ಟಲಿಲ್ಲ. 1974ರಲ್ಲಿಯೇ ಅವರು ಭಾರತೀ ತೀರ್ಥರನ್ನು ಉತ್ತರಾಧಿಕಾರಿಯಾಗಿ ಸ್ವೀಕರಿಸಿದ್ದರು. ಅವರೂ 2015ರಲ್ಲಿ ವಿಧುಶೇಖರ ಭಾರತಿಯವರನ್ನು ಸ್ವೀಕರಿಸಿದರು. ಇಸ್ಲಾಮಿನಲ್ಲಿ ಪೀಠವಿಲ್ಲ, ಸಂನ್ಯಾಸವಿಲ್ಲ. ಆ ಕ್ರಮವನ್ನು ನಾವು ಅನುಕರಿಸಲಾರೆವು. ನಾನು ಹೇಳಬೇಕೆಂದಿರುವುದು ಅವರ ಕಡತಗಳ ಬಗ್ಗೆ. 1791ರಲ್ಲಿ ಪರಶುರಾಮ ಭಾವೆಯ ನಾಯಕತ್ವದ ಮರಾಠಾ ಸೇನೆಯ ಕಡೆಯವರು ಶೃಂಗೇರಿಯನ್ನು ಲೂಟಿ ಮಾಡಿದಾಗ ಅಂದಿನ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಬರೆದರು. ಟಿಪ್ಪು ಕನ್ನಡದಲ್ಲಿ ಉತ್ತರ ಬರೆಸಿ, ಮರುಪ್ರತಿಷ್ಠೆಗೆ ಬೇಕಾದ ಹಣ ಮತ್ತು ಸಾಮಗ್ರಿ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದನು. ಆ ಪತ್ರಗಳು ಮಠದ ಕಡತಗಳಲ್ಲಿ ಶತಮಾನಕ್ಕೂ ಹೆಚ್ಚು ಕಾಲ ಭದ್ರವಾಗಿದ್ದವು. 1916ರಲ್ಲಿ ಮೈಸೂರು ಪ್ರಾಕ್ತನ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಇಂದು ಟಿಪ್ಪುವಿನ ಮೇಲೆ ಆರೋಪ ಬಂದಾಗಲೆಲ್ಲ ನಾವು ವೇದಿಕೆ ಹತ್ತಿ ಶೃಂಗೇರಿಯ ಪತ್ರಗಳನ್ನು ಎತ್ತಿ ಹೇಳುತ್ತೇವೆ. ನಮ್ಮ ಪರವಾದ ಆ ಸಾಕ್ಷ್ಯವನ್ನು ಕಾಪಾಡಿದವರು ಯಾರು? ಮಠದ ಬ್ರಾಹ್ಮಣ ಶಾನುಭೋಗರು. ಅವರು ಕಾಗದವನ್ನು ಎಸೆಯಲಿಲ್ಲ, ಅಷ್ಟೆ.

ಇದು ನಮ್ಮ ಪರಂಪರೆಗೆ ಹೊಸದೂ ಅಲ್ಲ. ಪ್ರವಾದಿ(ಸ)ರು ಕ್ರಿ.ಶ. 632ರಲ್ಲಿ ನಿಧನರಾದಾಗ ಉಮರ್(ರ)ರಂಥ ಗಟ್ಟಿ ಮನುಷ್ಯ ಆ ಸುದ್ದಿಯನ್ನು ನಂಬಲು ನಿರಾಕರಿಸಿದರು. ಪ್ರವಾದಿ(ಸ)ರು ಮರಣಿಸಿದ್ದಾರೆ, ನಾವು ಆರಾಧಿಸುವ ಅಲ್ಲಾಹನಿಗೆ ಮಾತ್ರ ಮರಣವಿಲ್ಲ ಎಂದು ಅಬೂಬಕರ್(ರ)ರು ಜನರಿಗೆ ತಿಳಿಹೇಳಬೇಕಾಯಿತು. ಬಿಲಾಲ್(ರ)ರಿಗೆ ಆ ಬಳಿಕ ಮದೀನಾದಲ್ಲಿ ಅಝಾನ್ ಹೇಳುವುದು ಕಷ್ಟವಾಯಿತೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಅಂಥ ವಿರಹದ ಮುಂದೆ ನಮ್ಮ ದುಃಖ ಎಷ್ಟರದು! ಆದರೆ ಕೆಲವೇ ತಿಂಗಳಲ್ಲಿ ಯಮಾಮ ಯುದ್ಧ ನಡೆದು, ಕುರ್‌ಆನ್ ಕಂಠಪಾಠವಿದ್ದ ಅನೇಕರು ಹುತಾತ್ಮರಾದಾಗ, ನಂಬಲು ನಿರಾಕರಿಸಿದ್ದ ಅದೇ ಉಮರ್(ರ) ಅಬೂಬಕರ್(ರ)ರ ಬಳಿ ಹೋಗಿ ಗ್ರಂಥವನ್ನು ಒಟ್ಟುಗೂಡಿಸಿ ಬರೆಸಿಡಬೇಕೆಂದರು. ಪ್ರವಾದಿ(ಸ)ರು ಮಾಡದ್ದನ್ನು ನಾನು ಹೇಗೆ ಮಾಡಲಿ ಎಂದು ಅಬೂಬಕರ್(ರ) ಅಳುಕಿದರು, ಕೊನೆಗೆ ಒಪ್ಪಿದರು. ಯುವಕ ಝೈದ್ ಬಿನ್ ಸಾಬಿತ್(ರ) ಆ ಭಾರವನ್ನು ಹೊತ್ತರು. ಎಲುಬು, ಚರ್ಮ, ಖರ್ಜೂರದ ಗರಿ, ಜನರ ಎದೆ, ಎಲ್ಲೆಲ್ಲಿದ್ದವೋ ಅಲ್ಲಿಂದೆಲ್ಲ ಸಂಗ್ರಹಿಸಿದರು. ಒಬ್ಬ ಯುವಕನಿಗೆ ಈ ಕೆಲಸ ಕೊಟ್ಟರು ಎಂಬುದನ್ನು ಕಮಿಟಿಯ ಹಿರಿಯರು ದಯವಿಟ್ಟು ಗಮನಿಸಬೇಕು.

ನಾವು ಮಾಡುತ್ತಿರುವುದು ಏನು? ಪ್ರತಿ ವರ್ಷ ದೊಡ್ಡ ಫ್ಲೆಕ್ಸ್ ಕಟ್ಟುತ್ತೇವೆ. ಅದರಲ್ಲಿ ತಂಙಳರ ಚಿತ್ರ ಒಂದು ಮೂಲೆಯಲ್ಲಿ, ಶುಭ ಕೋರುವವರ ಚಿತ್ರಗಳು ಉಳಿದೆಲ್ಲ ಕಡೆ. ತುಪ್ಪದನ್ನ ಬಡಿಸುತ್ತೇವೆ. ಯಾವ ಬಣದವರು ಹೆಚ್ಚು ಜನ ಸೇರಿಸಿದರು ಎಂದು ಲೆಕ್ಕ ಹಾಕುತ್ತೇವೆ. ಬೆಳಗಿನಿಂದ ಸಂಜೆಯವರೆಗೆ ಕಿತಾಬಿನ ಮುಂದೆ ಕುಳಿತಿದ್ದ ಒಬ್ಬ ಮನುಷ್ಯನನ್ನು ನೆನೆಯುವ ಸಭೆಯಲ್ಲಿ ಒಂದು ಕಿತಾಬನ್ನೂ ತೆರೆಯುವುದಿಲ್ಲ. ಇದನ್ನು ಹೇಳಿದ್ದಕ್ಕೆ ಯಾರಿಗಾದರೂ ಬೇಸರವಾದರೆ ಸಭೆಯ ನಂತರ ನನ್ನನ್ನು ಹಿಡಿದು ಬೈಯಬಹುದು.

ಈ ಸಭೆಯ ಆಯೋಜಕರ ಮುಂದೆ ನಾನು ಒಂದು ಬೇಡಿಕೆ ಇಡುತ್ತೇನೆ. ಮುಂದಿನ ಅನುಸ್ಮರಣೆಯ ಫ್ಲೆಕ್ಸ್‌ನ ಖರ್ಚಿನಲ್ಲಿ ನಾಲ್ಕು ಗಟ್ಟಿ ರಟ್ಟಿನ ದಾಖಲೆ ಪುಸ್ತಕಗಳನ್ನು ಕೊಳ್ಳಿರಿ. ಒಂದರಲ್ಲಿ ಜಮಾಅತ್‌ನ ಜಮೀನು, ಅದರ ಸರ್ವೆ ನಂಬರು, ಕೊಟ್ಟವರ ಹೆಸರು, ಸಿಕ್ಕ ಕಾಗದಗಳ ನಕಲು ಇರಲಿ. ಒಂದರಲ್ಲಿ ಪಂಚಾಯ್ತಿಗಳ ತೀರ್ಮಾನ ಇರಲಿ. ಹೆಣ್ಣಿನ ಮಾತನ್ನು ಅವಳು ಹೇಳಿದಂತೆಯೇ ಬರೆದು ಅವಳಿಂದಲೇ ಸಹಿ ಹಾಕಿಸಿ. ಉಳಿದೆರಡನ್ನು ಇಲ್ಲಿನ ಇಬ್ಬರು ಓದಿದ ಹುಡುಗರ ಕೈಗೆ, ಸಾಧ್ಯವಾದರೆ ಒಬ್ಬ ಹುಡುಗಿಯ ಕೈಗೆ ಕೊಟ್ಟು, ಉಳ್ಳಾಲದಲ್ಲಿ ತಂಙಳರ ಎದುರು ಕುಳಿತು ಓದಿದ ಉಸ್ತಾದರು ಈ ಸುತ್ತಿನಲ್ಲಿ ಎಲ್ಲೆಲ್ಲಿದ್ದಾರೋ ಅಲ್ಲಿಗೆಲ್ಲ ಕಳಿಸಿ. ತಂಙಳ್ ಏನು ಪಾಠ ಹೇಳಿದರು, ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟರು, ಯಾವುದನ್ನು ಗೊತ್ತಿಲ್ಲ ಎಂದು ಬಿಟ್ಟರು, ಯಾವುದಕ್ಕೆ ಸಿಟ್ಟಾದರು ಎಂದು ಕೇಳಿ ಬರೆದುಕೊಳ್ಳಲಿ. ಆ ಉಸ್ತಾದರಲ್ಲಿ ಹಿರಿಯರಿಗೆ ಈಗ ಎಪ್ಪತ್ತು, ಎಂಬತ್ತರ ವಯಸ್ಸು. ಅಂಥ ಒಬ್ಬರು ಇದೇ ಸಭೆಯ ಮೊದಲ ಸಾಲಿನಲ್ಲಿ ಕುಳಿತಿದ್ದಾರೆ. ಮಗ್ರಿಬ್ ನಮಾಝಿನ ಬಳಿಕ ಅವರು ಸ್ವಲ್ಪ ಹೊತ್ತು ಇಲ್ಲಿಯೇ ಇರುತ್ತೇನೆಂದು ಹೇಳಿದ್ದಾರೆ. ಪೆನ್ನು ಇರುವವರು ಹತ್ತಿರ ಬನ್ನಿ.