ಮಲ್ಲಿಗೆಯ ಪರಿಮಳ ಹುಟ್ಟುವುದು ಯಾವಾಗ?



ಬೆಳಿಗ್ಗೆ ಕೊಯ್ದ ದುಂಡು ಮಲ್ಲಿಗೆಯ ಬಿಗಿ ಮೊಗ್ಗೊಂದನ್ನು ಮೂಸಿ ನೋಡಿದರೆ ಹಸಿ ಎಲೆಯಂಥ ವಾಸನೆಯ ಹೊರತು ಹೆಚ್ಚೇನೂ ತಿಳಿಯುವುದಿಲ್ಲ. ಅದೇ ಮೊಗ್ಗು ಸಂಜೆ ದಂಡೆಯಲ್ಲಿ ಅರಳಿದಾಗ ಮನೆಯೆಲ್ಲ ಘಮಘಮಿಸುತ್ತದೆ. ಗಿಡದಿಂದ ಬೇರ್ಪಟ್ಟು ಹತ್ತು ಹನ್ನೆರಡು ಗಂಟೆ ಕಳೆದ ಮೇಲೆ ಈ ಪರಿಮಳ ಎಲ್ಲಿಂದ ಬಂತು? ಡಬ್ಬಿಯಲ್ಲಿಟ್ಟ ಅತ್ತರಿನಂತೆ ಮೊಗ್ಗಿನೊಳಗೆ ಮೊದಲೇ ಅಡಗಿತ್ತು ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಪರಿಮಳದ ಬಹುಪಾಲು ಸಿದ್ಧವಾಗಿ ಹೊರಬೀಳುವುದು ಮೊಗ್ಗು ಅರಳುವ ಹೊತ್ತಿನಲ್ಲೇ. ಕೊಯ್ದ ಮೊಗ್ಗಿಗೆ ಇನ್ನೂ ಜೀವವಿರುವುದರಿಂದ ಇದು ಸಾಧ್ಯ. ಬೆಳೆಗಾರನ ಕೈಗೆ ಬರುವ ಬೆಲೆ ನಿಂತಿರುವುದು ಈ ಕೆಲವು ಗಂಟೆಗಳ ಕಾಲ ಆ ಜೀವವನ್ನು ಹೇಗೆ ಕಾಪಾಡಿದ ಎಂಬುದರ ಮೇಲೆ.

ವಾಸನೆ ಎಂದರೆ ಹೂವಿನಿಂದ ಆವಿಯಾಗಿ ಹೊರಟ ಅತಿ ಸಣ್ಣ ಅಣುಗಳು. ಒಗೆದು ಹರವಿದ ಬಟ್ಟೆಯ ನೀರು ಕುದಿಯದೆಯೇ ಗಾಳಿಗೆ ಸೇರುವಂತೆ ಇವೂ ಸೇರುತ್ತವೆ. ಸಕ್ಕರೆ, ಉಪ್ಪು ಹೀಗೆ ಗಾಳಿಗೆ ಏಳಲಾರವು; ಆದ್ದರಿಂದ ಅವಕ್ಕೆ ವಾಸನೆಯಿಲ್ಲ. ಮಲ್ಲಿಗೆಯ ಘಮದಲ್ಲಿ ಇಂಥ ಹತ್ತಾರು ವಸ್ತುಗಳು ಬೆರೆತಿವೆ. ಹಣ್ಣಿನಂಥ ಸಿಹಿ ಛಾಯೆಯನ್ನು ಕೊಡುವುದು ಬೆಂಜೈಲ್ ಅಸಿಟೇಟ್. ಅದರ ಜೊತೆಗಿರುವ ಲಿನಲೂಲ್ ಅಪರಿಚಿತವೇನಲ್ಲ, ಕೊತ್ತಂಬರಿ ಬೀಜದ ಸುಗಂಧ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ. ಇಂಡೋಲ್ ಎಂಬ ಇನ್ನೊಂದು ವಸ್ತುವಿನ ಸಂಗತಿ ವಿಚಿತ್ರವಾಗಿದೆ. ಮಲದ ದುರ್ವಾಸನೆಯಲ್ಲಿಯೂ ಇದಕ್ಕೆ ಪಾಲುಂಟು. ಸಾಂದ್ರವಾಗಿದ್ದರೆ ಮೂಗು ಮುಚ್ಚಿಕೊಳ್ಳಬೇಕು. ಅತ್ಯಲ್ಪ ಪ್ರಮಾಣದಲ್ಲಿದ್ದರೆ ಅದೇ ಮಲ್ಲಿಗೆಗೆ ಗಾಢತೆಯನ್ನು ತರುತ್ತದೆ. ಕಾರ್ಖಾನೆಯಲ್ಲಿ ತಯಾರಾಗುವ ಬೆಂಜೈಲ್ ಅಸಿಟೇಟ್ ಅಗ್ಗವೇನೋ ಹೌದು, ಆದರೆ ಅದೊಂದರಿಂದಲೇ ಮಲ್ಲಿಗೆಯಾಗುವುದಿಲ್ಲ.

ಉಸಿರಿನೊಡನೆ ಒಳಹೋದ ಅಣುಗಳು ಮೂಗಿನ ಮೇಲ್ತುದಿಯಲ್ಲಿರುವ ತೇವದ ಪೊರೆಯಲ್ಲಿ ಕರಗುತ್ತವೆ. ಅಲ್ಲಿ ಲಕ್ಷಾಂತರ ನರಕೋಶಗಳಿವೆ. ಅವುಗಳ ಮೇಲೆ ಅಣುಗಳನ್ನು ಹಿಡಿಯುವ ಗ್ರಾಹಿಗಳು ಮನುಷ್ಯನಲ್ಲಿ ಸುಮಾರು 400 ಬಗೆ. ಇವುಗಳ ವಂಶವಾಹಿಗಳನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ವಿಜ್ಞಾನಿಗಳು 1991ರಲ್ಲಿ ಇಲಿಗಳಲ್ಲಿ ಗುರುತಿಸಿದರು. 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ಅಣು ಹಲವು ಗ್ರಾಹಿಗಳನ್ನು ಎಚ್ಚರಿಸಬಲ್ಲದು, ಒಂದು ಗ್ರಾಹಿಗೆ ಹಲವು ಅಣುಗಳು ಹೊಂದಬಲ್ಲವು. ಯಾವ ಯಾವ ಗ್ರಾಹಿಗಳು ಒಟ್ಟಿಗೆ ಎಚ್ಚೆತ್ತವು ಎಂಬುದನ್ನು ಕೂಡಿಸಿ ನೋಡಿ ಮಿದುಳು ಇದು ಮಲ್ಲಿಗೆ ಎಂದು ತೀರ್ಮಾನಿಸುತ್ತದೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ದಿನವಿಡೀ ಹೂ ಕಟ್ಟುವವರಿಗೆ ತಮ್ಮ ಬುಟ್ಟಿಯ ಘಮ ತಿಳಿಯದಿರುವುದು ಇದರಿಂದಲೇ. ಹೂವಿನ ಗುಣ ನೋಡಬೇಕಾದವರು ಸ್ವಲ್ಪ ಹೊತ್ತು ಹೊರಗಿನ ಗಾಳಿಗೆ ಹೋಗಿ ಬಂದು ಮೂಸುವುದು ಒಳ್ಳೆಯದು.

ಇನ್ನು ಮೊಗ್ಗಿನ ವಿಷಯ. ಬಿಗಿ ಮೊಗ್ಗಿನಲ್ಲಿ ಲಿನಲೂಲ್‌ನಂಥ ಕೆಲವು ಅಣುಗಳು ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತವೆ. ಈ ಭಾರದಿಂದಾಗಿ ಅವು ಆವಿಯಾಗಲಾರವು. ಅರಳುವ ವೇಳೆಗೆ ಕಿಣ್ವಗಳು ಈ ಬೆಸುಗೆಯನ್ನು ಬಿಡಿಸುತ್ತವೆ. ಮತ್ತೆ ಕೆಲವು ಅಣುಗಳನ್ನು ಎಸಳುಗಳು ಆಗಲೇ ಹೊಸದಾಗಿ ತಯಾರಿಸುತ್ತವೆ. ಎರಡಕ್ಕೂ ಎಸಳಿನಲ್ಲಿ ನೀರಿರಬೇಕು, ಉಸಿರಾಟ ನಡೆಯುತ್ತಿರಬೇಕು. 1900ರ ಸುಮಾರಿನಲ್ಲಿ ಜರ್ಮನಿಯ ಹೆಸ್ಸೆ ಎಂಬ ರಸಾಯನ ವಿಜ್ಞಾನಿ ಜಾಜಿ ಹೂವನ್ನು ಎರಡು ಬಗೆಯಲ್ಲಿ ಪರೀಕ್ಷಿಸಿದ. ಕೂಡಲೇ ದ್ರಾವಕದಲ್ಲಿ ಮುಳುಗಿಸಿದ ಹೂವಿಗಿಂತ, ಕೊಬ್ಬಿನ ಲೇಪದ ಮೇಲೆ ಜೀವಂತವಾಗಿ ಹರವಿಟ್ಟ ಹೂವು ಹಲವು ಪಟ್ಟು ಹೆಚ್ಚು ಸುಗಂಧ ತೈಲ ಕೊಟ್ಟಿತು. ದ್ರಾವಕ ಹೂವನ್ನು ಕೊಲ್ಲುತ್ತದೆ. ಕೊಬ್ಬಿನ ಮೇಲೆ ಹೂವು ಘಮ ತಯಾರಿಸುತ್ತಲೇ ಇರುತ್ತದೆ. ಉತ್ತರ ಭಾರತದಲ್ಲಿ ಎಳ್ಳಿನ ನಡುವೆ ಪದರ ಪದರವಾಗಿ ಹೂ ಹರಡಿ, ಬಾಡಿದ್ದನ್ನು ತೆಗೆದು ಹೊಸ ಹೂ ಹಾಕಿ, ಕೊನೆಗೆ ಎಳ್ಳನ್ನು ಗಾಣಕ್ಕೆ ಕೊಡುವ ಹಳೆಯ ಪದ್ಧತಿಯ ಗುಟ್ಟೂ ಇದೇ. ಯಾವ ಪ್ರಯೋಗಶಾಲೆಯೂ ಇಲ್ಲದೆ ಇದನ್ನು ಕಂಡುಕೊಂಡವರ ಜಾಣ್ಮೆ ಸಾಮಾನ್ಯವಲ್ಲ.

ಇದರಿಂದ ಕೊಯ್ಲಿಗೆ ಎರಡು ಬೇರೆ ನಿಯಮಗಳು ಹುಟ್ಟುತ್ತವೆ. ದಂಡೆಗಾದರೆ ದುಂಡು ಮಲ್ಲಿಗೆಯನ್ನು ಬೆಳಗಿನ ತಂಪಿನಲ್ಲಿ, ಆ ಸಂಜೆ ಅರಳಲಿರುವ ಮೊಗ್ಗಾಗಿಯೇ ಕೊಯ್ಯಬೇಕು. ತೈಲದ ಕಾರ್ಖಾನೆಗೆ ಕೊಡುವ ಜಾಜಿಯನ್ನು ಮಾತ್ರ ಪೂರ್ತಿ ಅರಳಿದ ಮೇಲೆ, ಬಿಸಿಲೇರಿ ಘಮ ಹಾರಿಹೋಗುವ ಮೊದಲೇ ಬಿಡಿಸಬೇಕು. ಅಲ್ಲಿ ಹೆಕ್ಸೇನ್ ದ್ರಾವಕದಿಂದ 100 ಕಿಲೋ ಹೂವಿಗೆ ಸುಮಾರು ಕಾಲು ಕಿಲೋ ಮೇಣದಂಥ ಸಾರ ದೊರೆಯುತ್ತದೆ. ಅದರೊಡನೆ ಮೊಗ್ಗು ಬೆರೆತರೆ ತೂಕ ಹೆಚ್ಚೀತೇ ಹೊರತು ಸಾರ ಹೆಚ್ಚದು. ಅಂಥ ಸರಕನ್ನು ಕೊಳ್ಳುವವರು ಎರಡನೆಯ ಸಲ ಅದೇ ಬೆಲೆ ಕೊಡುವುದಿಲ್ಲ. ಮಲ್ಲಿಗೆಯ ದಂಡೆಯಲ್ಲಿ ಕಾಕಡ ಬೆರೆಸುವುದೂ ಇಂಥದೇ. ಕಾಕಡ ನೋಡಲು ಚೆಂದ, ಬಾಳಿಕೆಯೂ ಹೆಚ್ಚು, ಆದರೆ ಘಮ ಇಲ್ಲವೆನ್ನುವಷ್ಟು ಕಡಿಮೆ.

ಕೊಯ್ದ ಮೊಗ್ಗು ಉಸಿರಾಡುವಾಗ ಶಾಖ ಹೊರಡುತ್ತದೆ. ಗೋಣಿಯಲ್ಲಿ ಒತ್ತಿ ತುಂಬಿದರೆ, ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ, ನಡುವಿನ ಮೊಗ್ಗು ಬೆಂದಂತಾಗಿ ಕಂದುಗಟ್ಟುತ್ತದೆ. ಸತ್ತ ಎಸಳಿನಲ್ಲಿ ಪರಿಮಳ ತಯಾರಾಗುವುದಿಲ್ಲ. ಗಾಳಿಯಾಡುವ ಬಿದಿರಿನ ಬುಟ್ಟಿಗೆ ಬಾಳೆ ಎಲೆ ಹಾಸಿ, ತೆಳುವಾಗಿ ತುಂಬಿ, ನೆರಳಿನಲ್ಲಿಟ್ಟು ಸಾಗಿಸುವುದು ಉತ್ತಮ. ದೂರದ ಪೇಟೆಗಾದರೆ ತಂಪು ಬೇಕೇ ಬೇಕು, ಅದು ಅರಳುವುದನ್ನು ನಿಧಾನಗೊಳಿಸುತ್ತದೆ. ಆದರೆ ಮಂಜುಗಡ್ಡೆ ಮೊಗ್ಗಿಗೆ ನೇರವಾಗಿ ತಾಗಬಾರದು. ಬಿಡಿಸುವಾಗ ಹಸಿರು ಛಾಯೆ ಮಾಸದ ಎಳೆ ಮೊಗ್ಗುಗಳನ್ನು ಗಿಡದಲ್ಲೇ ಬಿಟ್ಟರೆ ಅವು ನಾಳೆಯ ಬುಟ್ಟಿಗೆ ಬರುತ್ತವೆ. ಇಂದೇ ಕಿತ್ತರೆ ದಂಡೆಯಲ್ಲಿ ಅರಳದೆ ಮುದುಡಿ ಉಳಿಯುತ್ತವೆ.