ನೆಗ್ಗಿದ ತಗಡನ್ನು ನೇರ್ಪಡಿಸುವ ಕಾಯಕ

(ಶ್ರೀಮಠದ ಮಹೋತ್ಸವದ ಶರಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಕಾಯಕವೆಂಬ ಶಬ್ದವು ಮಠಗಳ ವೇದಿಕೆಗಳಲ್ಲಿ ಕೇಳಿಬರುವಷ್ಟು ಮತ್ತೆಲ್ಲಿಯೂ ಕೇಳಿಬರುವದಿಲ್ಲ. ನುಲಿಯ ಚಂದಯ್ಯನ ಹಗ್ಗ, ಮಡಿವಾಳ ಮಾಚಯ್ಯನ ಬಟ್ಟೆ, ಬಾಚಿಕಾಯಕದ ಬಸವಯ್ಯನ ಬಾಚಿ, ಇವು ಪ್ರತಿವರುಷವೂ ಪ್ರವಚನಗಳಲ್ಲಿ ವರ್ಣಿತವಾಗುವವು. ಕೇಳಿದ ಭಕ್ತನು ತಲೆದೂಗುವನು. ಅದೇ ಭಕ್ತನು ಮರುದಿನ ನವಲಗುಂದದ ರಸ್ತೆಯ ಬದಿಯಲ್ಲಿ, ಮಸಿ ಹತ್ತಿದ ಅಂಗಿ ತೊಟ್ಟು ಮೋಟಾರಿನ ಕೆಳಗೆ ಮಲಗಿರುವ ಟಿಂಕರನನ್ನು ಏಕವಚನದಿಂದ ಕೂಗಿ ಕರೆಯುವನು. ಮಗಳನ್ನು ಕೊಡುವ ಮಾತು ಬಂದರೆ ವರನ ಕಸಬಿನ ಹೆಸರು ಕೇಳಿ ಹಿಂದೆ ಸರಿಯುವನು. ಹನ್ನೆರಡನೆಯ ಶತಮಾನದ ಕಾಯಕಕ್ಕೆ ಕೈಮುಗಿದು, ತನ್ನ ಓಣಿಯ ಕಾಯಕಕ್ಕೆ ಮೂಗು ಮುರಿಯುವ ಈ ರೂಢಿಯನ್ನು ನೆನೆದೇ ಇಂದಿನ ಉಪನ್ಯಾಸವನ್ನು ವಾಹನಗಳ ಮೈ ದುರಸ್ತಿಯ ಕಸಬಿಗೆ ಮೀಸಲಿಡಲಾಗಿದೆ.

ಈ ಸೀಮೆಯದು ಬಹುಪಾಲು ಎರೆಭೂಮಿ. ನವಲಗುಂದ, ಅಣ್ಣಿಗೇರಿಗಳಲ್ಲಿ ಹತ್ತಿ, ಕಡಲೆ, ಜೋಳ; ಕುಂದಗೋಳದ ಕಡೆಗೆ ಮೆಣಸಿನಕಾಯಿ; ಕಲಘಟಗಿಯಲ್ಲಿ ಮಲೆನಾಡಿನ ಸೆರಗು ತಾಕುವದರಿಂದ ಭತ್ತ. ಇದೆಲ್ಲವನ್ನೂ ತಲೆತಲಾಂತರದಿಂದ ಹೊತ್ತದ್ದು ಚಕ್ಕಡಿ. ಅದರ ಮೈಯನ್ನು ಬಡಿಗನು ಕಟ್ಟುವನು. ಗಾಲಿಗೆ ಕಬ್ಬಿಣದ ಹಳಿಯನ್ನು ಕಂಬಾರನು ಏರಿಸುವನು. ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಬಳೆಯಂತೆ ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಕ್ಷಣದಲ್ಲಿ ಮರದ ಗಾಲಿಗೆ ತೊಡಿಸಿ ನೀರು ಹೊಯ್ಯುವರು. ಹಳಿಯು ಕುಗ್ಗಿ ಅರೆಗಾಲುಗಳನ್ನೆಲ್ಲ ಒಂದೇ ಹಿಡಿತದಲ್ಲಿ ಬಿಗಿಯುವದು. ಕಾದ ಕಬ್ಬಿಣವು ಹಿಗ್ಗುವದು, ತಣಿದದ್ದು ಕುಗ್ಗುವದು. ಈ ಒಂದು ತಿಳಿವಳಿಕೆಯನ್ನು ಸಭಿಕರು ನೆನಪಿನಲ್ಲಿಡಬೇಕು, ಮುಂದೆ ಅದರ ಕೆಲಸವಿದೆ.

1885ರಲ್ಲಿ ಸದರ್ನ್ ಮರಾಠಾ ರೇಲ್ವೆಯವರು ಹುಬ್ಬಳ್ಳಿಯಲ್ಲಿ ಕಾರ್ಯಾಗಾರವನ್ನು ಸ್ಥಾಪಿಸಿದರು. ಉಗಿಬಂಡಿಗಳ ಕಾಲವು ಹೋದರೂ ಪ್ರಯಾಣಿಕರ ಡಬ್ಬಿಗಳ ದುರಸ್ತಿಯು ಅಲ್ಲಿ ಇಂದಿಗೂ ನಡೆದಿದೆ. ಮೋಟಾರುಗಳು ಬಂದಾಗ ಬರಿಯ ಚಾಸಿ ಮಾತ್ರ ಕಾರಖಾನೆಯಿಂದ ಬರುತ್ತಿತ್ತು. ಅದರ ಮೇಲೆ ಮರದ ಹಂದರವನ್ನೆಬ್ಬಿಸಿ ತಗಡನ್ನು ಹೊದಿಸುವ ಕೆಲಸವು ಊರ ಕಸಬುದಾರರ ಪಾಲಿನದು. ಬಡಿಗನ ಬಾಚಿಯೂ ಕಂಬಾರನ ಸುತ್ತಿಗೆಯೂ ಹೀಗೆ ಒಂದೇ ಮೈಯ ಮೇಲೆ ಕೂಡಿದವು. ಧಾರವಾಡ ಜಿಲ್ಲೆಯು 1956ರ ನವೆಂಬರ 1ರ ವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಮೈಸೂರಿಗೆ ಸೇರಿದ ಮೇಲೆ 1961ರಲ್ಲಿ ರಾಜ್ಯದ ರಸ್ತೆ ಸಾರಿಗೆ ಸಂಸ್ಥೆಯೂ, 1997ರ ನವೆಂಬರ 1ರಂದು ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ವಾಯವ್ಯ ಸಂಸ್ಥೆಯೂ ಹುಟ್ಟಿದವು. ನಸುಕಿನಲ್ಲಿ ಹಳ್ಳಿಯಿಂದ ಹೊರಡುವ ಬಸ್ಸಿನ ಮೈಗೆ ರಿವೆಟ್ಟು ಬಡಿದ ಕೈಗಳು ಹೆಚ್ಚಾಗಿ ಇದೇ ಸೀಮೆಯವು. 2006ರಲ್ಲಿ ಟಾಟಾ ಕಂಪನಿಯೂ ಬ್ರೆಜಿಲ್ ದೇಶದ ಮಾರ್ಕೊಪೋಲೊ ಕಂಪನಿಯೂ ಕೂಡಿ ಬಸ್ಸಿನ ಮೈ ಕಟ್ಟುವ ಉದ್ಯಮವನ್ನು ಆರಂಭಿಸಿ ಅದರ ದೊಡ್ಡ ಕಾರಖಾನೆಯನ್ನು ಧಾರವಾಡದ ಬಳಿಯಲ್ಲಿ ಕಟ್ಟಿದವು. ಬ್ರೆಜಿಲಿನವರು ಹೊರಬಿದ್ದ ಮೇಲೆ ಅದರ ಹೆಸರು ಬದಲಾಗಿದೆ, ಕೆಲಸವು ಬದಲಾಗಿಲ್ಲ.

ಇನ್ನು ಕಸಬಿನ ಒಳಗುಟ್ಟಿಗೆ ಬರತಕ್ಕದ್ದು. ಒಂದು ಟ್ರ್ಯಾಕ್ಟರಿನ ಮಡ್‌ಗಾರ್ಡು ಕಲ್ಲುಗೋಡೆಗೆ ತಾಕಿ ನೆಗ್ಗಿತೆಂದು ಭಾವಿಸಬೇಕು. ಅರಿಯದವನು ಗುಂಡಿಯ ನಟ್ಟನಡುವೆ ಒಳಗಿನಿಂದ ದೊಡ್ಡ ಸುತ್ತಿಗೆಯ ಪೆಟ್ಟು ಹಾಕುವನು. ಒಂದು ಗುಂಡಿ ಹೋಗಿ ನಾಲ್ಕು ಗುಬುಟುಗಳು ಏಳುವವು. ಬಲ್ಲವನು ಸುತ್ತಿಗೆಯನ್ನು ಬದಿಗಿಟ್ಟು ಮೊದಲು ಪೆಟ್ಟು ಬಂದ ದಿಕ್ಕನ್ನು ನೋಡುವನು. ತಗಡು ಯಾವ ಕ್ರಮದಿಂದ ಮಡಿಯಿತೋ ಅದಕ್ಕೆ ಹಿಮ್ಮುಖವಾಗಿ ಬಿಡಬೇಕು. ಕಟ್ಟಕಡೆಗೆ ಬಿದ್ದ ಮಡಿಕೆಯು ಮೊದಲು ಏಳಬೇಕು. ಆದಕಾರಣ ಅವನು ಅಂಚಿನಿಂದ ತೊಡಗಿ ಸುತ್ತುತ್ತ ನಡುವಿಗೆ ಬರುವನು. ಒಳಮಗ್ಗುಲಿಗೆ ಡಾಲಿಯೆಂಬ ನುಣುಪಾದ ಕಬ್ಬಿಣದ ಗಟ್ಟಿಯನ್ನು ಎಡಗೈಯಿಂದ ಒತ್ತಿ ಹಿಡಿದು, ಹೊರಮಗ್ಗುಲಿಗೆ ಬಲಗೈಯಿಂದ ಹಗುರಾದ ಸುತ್ತಿಗೆಯನ್ನು ಆಡಿಸುವನು. ಡಾಲಿಯು ತಗ್ಗಿನ ಕೆಳಗೆ, ಸುತ್ತಿಗೆಯು ಪಕ್ಕದ ಉಬ್ಬಿನ ಮೇಲೆ ಇದ್ದರೆ ಒಂದು ಏಳುವದು, ಇನ್ನೊಂದು ಇಳಿಯುವದು. ಎರಡೂ ಎದುರುಬದುರಾಗಿದ್ದರೆ ನಡುವಿನ ತಗಡು ನುಣುಪಾಗುವದು, ಆದರೆ ತೆಳುವಾಗಿ ಹಿಗ್ಗಲೂ ಹಿಗ್ಗುವದು. ಹೊಡೆತದ ಎಣಿಕೆಯಲ್ಲಿ ಜಿಪುಣತನವಿರಬೇಕೆಂಬದು ಇದಕ್ಕಾಗಿಯೇ. ನೆಗ್ಗಿದ ತಾಮ್ರದ ಕೊಡವನ್ನು ಕಂಚಗಾರನು ನೇರ್ಪಡಿಸುವದನ್ನು ಕಂಡ ತಾಯಂದಿರಿಗೆ ಈ ಮಾತು ಬೇಗನೆ ತಿಳಿದೀತು.

ಕಣ್ಣು ಮೋಸಹೋಗುವಲ್ಲಿ ಅಂಗೈ ಮೋಸಹೋಗುವದಿಲ್ಲ. ಕಸಬುದಾರನು ಬೆರಳುಗಳನ್ನು ಚಾಚಿ ಅಂಗೈಯನ್ನು ತಗಡಿನ ಮೇಲೆ ಮೆಲ್ಲನೆ ಸರಿಸಿದರೆ ಕೂದಲೆಳೆಯಷ್ಟು ಏರಿಳಿತವೂ ತಿಳಿಯುವದು. ಆಮೇಲೆ ಅರವನ್ನು ಆಡಿಸುವನು. ಉಬ್ಬಿದ ಎಡೆಗಳು ಹೊಳೆಯುವವು, ತಗ್ಗುಗಳು ಮಸಕಾಗಿಯೇ ಉಳಿಯುವವು. ಇಷ್ಟಾದರೂ ಪೆಟ್ಟು ತಿಂದು ಹಿಗ್ಗಿದ ತಗಡು ಎಣ್ಣೆಡಬ್ಬಿಯ ತಳದಂತೆ ಟಪಟಪನೆ ಒಳಹೊರಗೆ ಆಡುತ್ತಿದ್ದರೆ? ಚಕ್ಕಡಿಯ ಹಳಿಯ ತಿಳಿವಳಿಕೆಯು ಉಪಯೋಗಕ್ಕೆ ಬರುವದು ಇಲ್ಲಿಯೇ. ಸಣ್ಣ ನಾಣ್ಯದಗಲದ ಎಡೆಯನ್ನು ಗ್ಯಾಸಿನ ಉರಿಯಿಂದ ಕೆಂಪಗೆ ಕಾಯಿಸುವರು. ಕಾದದ್ದು ಹಿಗ್ಗಬೇಕು, ಸುತ್ತಲಿನ ತಣ್ಣನೆಯ ತಗಡು ಜಾಗ ಕೊಡದು, ಆಗ ಅದು ತನ್ನಲ್ಲಿಯೇ ದಪ್ಪವಾಗುವದು. ಕೂಡಲೆ ಹಗುರಾಗಿ ತಟ್ಟಿ, ಒದ್ದೆಯ ಅರಿವೆಯನ್ನೊತ್ತಿದರೆ ಮೊದಲಿಗಿಂತ ಕಿರಿದಾಗಿ ಕುಗ್ಗಿ, ಸುತ್ತಲಿನ ಸಡಿಲನ್ನೆಲ್ಲ ಎಳೆದುಕೊಳ್ಳುವದು. ಪುಸ್ತಕ ಓದದ ಕಂಬಾರನ ಮೊಮ್ಮಗನು ಇದನ್ನು ಮಾಡುವಾಗ ಪದಾರ್ಥವಿಜ್ಞಾನದ ಒಂದು ಪಾಠವನ್ನೇ ಕೈಯಿಂದ ಒಪ್ಪಿಸುತ್ತಿರುವನು. ಈಗಿನ ಕಾರುಗಳ ಕೆಲವು ಕಂಬಗಳಲ್ಲಿ ವಿಶೇಷವಾಗಿ ಗಡುಸುಗೊಳಿಸಿದ ಉಕ್ಕನ್ನು ಬಳಸುವರು. ಅದನ್ನು ಹೀಗೆ ಕಾಯಿಸಿದರೆ ಬಲವೇ ಹೋಗುವದು. ಆದ್ದರಿಂದ ಅಜ್ಜನ ವಿದ್ಯೆಯನ್ನು ಎಲ್ಲಿ ಬಳಸಬಾರದೆಂಬದನ್ನೂ ಮೊಮ್ಮಗನು ಕಲಿಯಬೇಕಾಗಿದೆ.

ಈ ಕಸಬಿನಲ್ಲಿ ಒಂದು ದೊಡ್ಡ ಪ್ರಲೋಭನವುಂಟು. ಅದಕ್ಕೆ ಪಟ್ಟಿಯೆಂದು ಹೆಸರು. ಸುತ್ತಿಗೆಯ ಕೆಲಸವೆಲ್ಲ ಮುಗಿದ ಮೇಲೆ ಉಳಿದ ಒಂದೆರಡು ಮಿಲಿಮೀಟರಿನ ತಗ್ಗನ್ನು ತುಂಬಲು ಇರುವ ಲೇಪ ಅದು. ಅಷ್ಟಕ್ಕೆ ಬಳಸಿದರೆ ದೋಷವಿಲ್ಲ. ಆದರೆ ಗಂಟೆಗಟ್ಟಲೆ ಬಡಿಯುವ ಬದಲು ಗುಂಡಿಯನ್ನು ಹಾಗೆಯೇ ಬಿಟ್ಟು, ತುಕ್ಕು ತಿಂದ ತೂತಿನ ಮೇಲೂ ಬೆರಳುದಪ್ಪ ಪಟ್ಟಿಯನ್ನು ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ನೋಡುವವರಿಗೆ ಭೇದವೇ ತಿಳಿಯದು. ಒಂದೆರಡು ಮಳೆಗಾಲ ಕಳೆಯುವದರೊಳಗೆ ಅದು ಬಿರಿದು ಹಪ್ಪಳದಂತೆ ಏಳುವದು. ಒಳಗಿನ ತುಕ್ಕು ಅಷ್ಟರಲ್ಲಿ ಇಮ್ಮಡಿಯಾಗಿರುವದು. ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಸಭಿಕರು ಬಲ್ಲರು. ಅವುಗಳ ಅರಗಿನ ಬಣ್ಣಕ್ಕೆ ಲೋಕವೇ ಮರುಳಾದರೂ ಕೂಸನ್ನು ಹೊರುವದು ಕೆಳಗಿನ ಕಟ್ಟಿಗೆಯ ಕೀಲು.

ಆಯ್ದಕ್ಕಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದ ದಿವಸ ಲಕ್ಕಮ್ಮನು ಅದನ್ನು ಒಲೆಗೆ ಹತ್ತಗೊಡದೆ ಹಿಂದಿರುಗಿಸಿದ ಕಥೆಯು ಎಲ್ಲರಿಗೂ ಗೊತ್ತಿದ್ದದ್ದೇ. ಕಬ್ಬಿಣದ ಕೂಲಿಯನ್ನು ಎಣಿಸಿಕೊಂಡು ಲೇಪವನ್ನು ಕೊಟ್ಟವನ ಗಲ್ಲಾಪೆಟ್ಟಿಗೆಯಲ್ಲಿ ಆ ಹೆಚ್ಚಿನ ಅಕ್ಕಿಯೇ ಇದೆ. ಹಾಗೆಂದು ದೋಷವನ್ನೆಲ್ಲ ಅವನ ತಲೆಗೆ ಕಟ್ಟುವದು ನ್ಯಾಯವಲ್ಲ. ಮೂರು ದಿನದ ಕೆಲಸವನ್ನು ಸಂಜೆಯೊಳಗೆ, ಅರ್ಧ ಕೂಲಿಗೆ, ಕಣ್ಣಿಗೆ ಚೆನ್ನಾಗಿ ಕಂಡರೆ ಸಾಕೆಂದು ಮಾಡಿಸುವವನು ಯಾರು? ಮಾರಾಟಕ್ಕಿಟ್ಟ ಗಾಡಿಯ ತೂತನ್ನು ಮುಚ್ಚೆಂದು ಹೇಳುವವನು ಯಾರು? ಅವನ ಹಣೆಯ ಮೇಲೂ ವಿಭೂತಿ ಇರುವದು. ಹಳೆಯ ಗಾಡಿಯನ್ನು ಕೊಳ್ಳುವವರು ಒಂದು ಚಿಕ್ಕ ಅಯಸ್ಕಾಂತವನ್ನು ಅರಿವೆಯಲ್ಲಿ ಸುತ್ತಿ ಉಕ್ಕಿನ ಮೈಮೇಲೆ ಆಡಿಸಿದರೆ ಸಾಕು. ಪಟ್ಟಿ ದಪ್ಪವಾಗಿರುವಲ್ಲಿ ಅದು ಹಿಡಿಯದೆ ಜಾರುವದು.

ಕಾರಿನ ಬಾಗಿಲಿನ ಮೋಸವು ಹಣದ ಹಾನಿ. ಟ್ರೇಲರಿನ ಬುಡದ ಮೋಸವು ಪ್ರಾಣದ ಹಾನಿ. ಗೊಬ್ಬರದ ಚೀಲಗಳಿಂದ ಉದುರಿದ ಪುಡಿಯು ತೇವಕ್ಕೆ ಕರಗಿ ಉಕ್ಕನ್ನು ತಿನ್ನುವದು. ಎರೆಮಣ್ಣು ಮೂಲೆಮೂಲೆಗೆ ಮೆತ್ತಿಕೊಂಡು ಹಸಿಯನ್ನು ಬಹುದಿನ ಹಿಡಿದಿಡುವದು. ಮೇಲೆ ಹೊಸ ಬಣ್ಣ, ಊರ ದೇವರ ಹೆಸರು, ಹೂವಿನ ಬಳ್ಳಿ. ಕೆಳಗೆ ತೊಲೆಯ ಬೆಸುಗೆ ಬಿರಿದಿರುವದು. ಅಂಥ ಟ್ರೇಲರುಗಳಲ್ಲಿ ಹೆಣ್ಣುಮಕ್ಕಳನ್ನೂ ಕೂಸುಗಳನ್ನೂ ತುಂಬಿಕೊಂಡು ಜಾತ್ರೆಗೆ ಬರುವ ಪದ್ಧತಿಯನ್ನು ಭಕ್ತರು ಭಕ್ತಿಯೆಂದೇ ತಿಳಿದಿರುವರು. ಟ್ರೇಲರು ಸರಕಿನ ವಾಹನ. ಕಾಯಿದೆಯು ಅದರಲ್ಲಿ ಜನರನ್ನು ಒಯ್ಯಗೊಡುವದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿಯಲ್ಲಿ ಬರೆದ ವಿವರಗಳಿಗೆ ಹೊರತಾಗುವಂತೆ ವಾಹನವನ್ನು ಮಾರ್ಪಡಿಸುವದನ್ನು ನಿಷೇಧಿಸಿದೆ. ಆದರೂ ಹೆಚ್ಚು ಹೇರುವ ಆಸೆಯಿಂದ ಮಗ್ಗುಲ ಹಲಗೆಗಳನ್ನು ಮೊಳವೆರಡು ಮೊಳ ಏರಿಸುವರು. ಹೇರು ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವದು ಸುಲಭ.

ಕಸಬುದಾರನ ದೇಹದ ಕಡೆಗೂ ಗಮನವಿರಲಿ. ದಿನವಿಡೀ ಸುತ್ತಿಗೆಯ ಸದ್ದು ಕೇಳಿ ನಡುಹರೆಯದಲ್ಲಿಯೇ ಕಿವಿ ಮಂದವಾಗುವದು. ಹೊಸ ಬಗೆಯ ಬಣ್ಣಗಳ ಹನಿಮಂಜು ಪುಪ್ಪುಸಕ್ಕೆ ಸೇರಿ ಉಬ್ಬಸ ಹಿಡಿಯುವದು. ಮೂಗಿಗೆ ಕಟ್ಟಿದ ಅರಿವೆಯು ಅದನ್ನು ತಡೆಯಲಾರದು, ಅದಕ್ಕೆ ತಕ್ಕ ಮುಖವಾಡವೇ ಬೇಕು. ಎಣ್ಣೆ ಖಾಲಿಯಾದ ಟಾಕಿಯನ್ನು ನಿರಪಾಯಕರವೆಂದು ತಿಳಿದು ಬೆಸುಗೆಯ ಕಿಡಿ ಹಚ್ಚುವದು ಎಲ್ಲಕ್ಕಿಂತ ಭಯಂಕರ. ಒಳಗುಳಿದ ಆವಿಯು ಗಾಳಿಯೊಡನೆ ಬೆರೆತು ಸಿಡಿಯುವದು.

ಹುಡುಗರು ಈ ಕಸಬಿಗೆ ಬರುವದು ಕಡಿಮೆಯಾಗುತ್ತಿದೆಯೆಂಬ ದೂರು ಉಂಟು. ನೆಗ್ಗಿದ್ದನ್ನು ಬಡಿದು ತೆಗೆಯುವದಕ್ಕಿಂತ ಇಡೀ ಭಾಗವನ್ನೇ ಬಿಚ್ಚಿ ಹೊಸದನ್ನು ಕೂಡಿಸುವ ಪದ್ಧತಿಯು ಬೆಳೆದಿದೆ; ಪ್ಲಾಸ್ಟಿಕಿನ ಬಂಪರಿಗೆ ಡಾಲಿಯ ವಿದ್ಯೆಯು ಸಲ್ಲದು. ಆದರೂ ಟ್ರ್ಯಾಕ್ಟರು, ಟ್ರೇಲರು, ಬಸ್ಸು, ಲಾರಿಗಳ ಮೈ ಉಕ್ಕಿನದೇ. ಸರಕಾರದ ಕೈಗಾರಿಕಾ ತರಬೇತಿಯ ಪಠ್ಯಕ್ರಮದಲ್ಲಿ ವಾಹನದ ಮೈ ದುರಸ್ತಿಗೆ ಪ್ರತ್ಯೇಕ ವಿಭಾಗವಿದೆ. ಗುರುವಿನ ಕೈಕೆಳಗೆ ಕಲಿತ ಹುಡುಗನಿಗೆ ಆ ಪ್ರಮಾಣಪತ್ರವೂ ದೊರೆತರೆ ಅವನು ಹೊರಗಿನ ಕಾರಖಾನೆಗಳ ಬಾಗಿಲಲ್ಲಿ ತಲೆಯೆತ್ತಿ ನಿಲ್ಲಬಲ್ಲನು. ಮಠದ ಪ್ರಸಾದನಿಲಯದಲ್ಲಿದ್ದು ಕಲಿಯುವ ಬಾಲಕರ ಪಾಲಕರು ಇದನ್ನು ಬಿ.ಎ. ಪದವಿಗಿಂತ ಕೀಳೆಂದು ತಿಳಿಯದೆ ಮಗನ ಕೈಯ ಒಲವನ್ನು ನೋಡಿ ಗೊತ್ತುಮಾಡಬೇಕು.

ಜಾತ್ರೆಯ ಹಿಂದಿನ ವಾರದಲ್ಲಿ ಟಿಂಕರನಿಗೆ ಉಸಿರಾಡಲು ಬಿಡುವಿರುವದಿಲ್ಲ. ಆಗ ತಂದ ಗಾಡಿಗೆ ಬಣ್ಣವೇ ಗತಿ. ಸುಗ್ಗಿ ಮುಗಿದ ಕೂಡಲೆ ಟ್ರೇಲರನ್ನು ಖಾಲಿಮಾಡಿ, ಬುಡವನ್ನು ನೀರಿನಿಂದ ತೊಳೆದು, ಒಣಗಿಸಿ ಅವನ ಅಂಗಡಿಗೆ ಒಯ್ಯಬೇಕು. ತೊಲೆಯ ಬೆಸುಗೆ, ಕೊಂಡಿಯ ಗೂಟ, ಅಚ್ಚಿನ ಪಟ್ಟಿಗಳನ್ನು ಅವನು ಸುತ್ತಿಗೆಯಿಂದ ತಟ್ಟಿ ಕೇಳುವನು. ಗಟ್ಟಿಯಿದ್ದದ್ದು ಖಣಿಲೆನ್ನುವದು, ಬಿರಿದದ್ದು ಮಂಕಾಗಿ ನುಡಿಯುವದು. ಮಾಲಕನು ಪಕ್ಕದಲ್ಲಿ ನಿಂತು ಕೇಳಿದರೆ ಎರಡರ ಭೇದವು ಅವನಿಗೂ ತಿಳಿಯುವದು.